ಹುಳಕ್ಕಿಂತ ಮೊದಲು ತಕ್ಕಡಿ: ಸಣ್ಣ ಊರಿನ ಹಸಿ ಕಸದಿಂದ ಎರೆಗೊಬ್ಬರ

ಎರೆಹುಳದ ಕೆಲಸಕ್ಕೆ ಬರುವ ಮೊದಲು ನಾನು ವೇಬ್ರಿಡ್ಜ್‌ನಲ್ಲಿ ಲಾರಿ ತೂಗುತ್ತಿದ್ದೆ. ತುಂಬಿದ ಲಾರಿ ತೂಗು, ಖಾಲಿ ಲಾರಿ ತೂಗು, ಕಳೆ, ಚೀಟಿ ಹರಿದು ಕೊಡು. ಹನ್ನೊಂದು ವರ್ಷ ಇದೇ ಕೆಲಸ. ಕಸದ ಗಾಡಿಯೂ ದಿನಕ್ಕೆ ಎರಡು ಸಲ ಬರುತ್ತಿತ್ತು. ಮಳೆ ಇಲ್ಲದ ದಿನವೂ ಅದರ ಹಿಂದಿನಿಂದ ನೀರು ಸೋರುತ್ತಿತ್ತು. ತರಕಾರಿ ಸಿಪ್ಪೆಯಲ್ಲಿ ನೂರಕ್ಕೆ 80ರಿಂದ 90 ಪಾಲು ನೀರೇ ಇರುತ್ತದೆ ಅಂತ ಗೊತ್ತಾದಾಗ ನಗು ಬಂತು. ಇಷ್ಟು ದಿನ ಡೀಸೆಲ್ ಸುಟ್ಟು ಊರಾಚೆಗೆ ನೀರು ಸಾಗಿಸುತ್ತಿದ್ದೆವಲ್ಲ!

ಈಗ ಆರು ವರ್ಷದಿಂದ ಮುನ್ನೂರು ಮನೆಗಳ ಹಸಿ ಕಸವನ್ನು ಎರೆಹುಳಕ್ಕೆ ತಿನ್ನಿಸುತ್ತಿದ್ದೇನೆ. ಒಂದು ಬಕೆಟ್ಟಿನಲ್ಲಿ ಹುಳ ಸಾಕುವುದು ಹೇಗೆ ಅಂತ ಹೇಳುವವರು ಬೇಕಾದಷ್ಟು ಜನ ಇದ್ದಾರೆ. ಒಂದು ಬಡಾವಣೆಗೆ ಅಥವಾ ಒಂದು ಸಣ್ಣ ಊರಿಗೆ ಮಾಡಬೇಕು ಅಂದರೆ ಲೆಕ್ಕವೇ ಬೇರೆ. ಅದನ್ನು ಇಲ್ಲಿ ಬರೆಯುತ್ತೇನೆ. ಹುಳ ಸಾಕುವುದು ಸುಲಭ, ಜನರ ಕೈಯಲ್ಲಿ ಕಸ ಬೇರೆ ಮಾಡಿಸುವುದು ಕಷ್ಟ. ಆರಂಭದಲ್ಲಿ ಜೋರಾಗಿ ನಡೆದು ಆಮೇಲೆ ಬಾಗಿಲು ಮುಚ್ಚಿದ ನಾಲ್ಕೈದು ಶೆಡ್‌ಗಳನ್ನು ನೋಡಿದ್ದೇನೆ. ಎಲ್ಲವೂ ಕೆಟ್ಟದ್ದು ಕಸ ಒಳಗೆ ಬರುವ ಗೇಟಿನ ಹತ್ತಿರ.

ಮೊದಲು ತೂಗಿ

ವಿಶ್ವ ಬ್ಯಾಂಕ್ 2018ರಲ್ಲಿ ಕೊಟ್ಟ ಅಂದಾಜಿನ ಪ್ರಕಾರ ಜಗತ್ತಿನಲ್ಲಿ ಒಬ್ಬ ಮನುಷ್ಯ ದಿನಕ್ಕೆ ಸರಾಸರಿ 0.74 ಕಿಲೋ ಕಸ ಮಾಡುತ್ತಾನೆ. ಅದರಲ್ಲಿ ನೂರಕ್ಕೆ 44 ಪಾಲು ಊಟದ ಮತ್ತು ಗಿಡಮರದ ಕಸ. ಹತ್ತು ಸಾವಿರ ಜನರ ಊರಾದರೆ ದಿನಕ್ಕೆ 7.4 ಟನ್, ಅದರಲ್ಲಿ ಸುಮಾರು 3.3 ಟನ್ ಹಸಿ ಕಸ ಅಂತಾಯಿತು. ಆದರೆ ಈ ಸರಾಸರಿ ನಂಬಿ ತೊಟ್ಟಿ ಕಟ್ಟಿಸಬೇಡಿ. ಅದೇ ವರದಿಯಲ್ಲಿ ಕನಿಷ್ಠ 0.11 ಕಿಲೋ, ಗರಿಷ್ಠ 4.54 ಕಿಲೋ ಅಂತಲೂ ಇದೆ. ನಲವತ್ತು ಪಟ್ಟು ವ್ಯತ್ಯಾಸ! ನಿಮ್ಮ ಊರು ಇದರಲ್ಲಿ ಎಲ್ಲಿದೆ ಅಂತ ನಿಮ್ಮ ತಕ್ಕಡಿಯೇ ಹೇಳಬೇಕು.

ಬೇರೆ ಬೇರೆ ಬೀದಿಗಳಿಂದ ಐವತ್ತು ಮನೆ ಆರಿಸಿಕೊಳ್ಳಿ. ಏಳು ದಿನ ಬಿಡದೆ ತೂಗಿ. ಸಂತೆಯ ದಿನ, ರಜೆಯ ದಿನ ಎರಡೂ ಅದರೊಳಗೆ ಬರಲಿ. ಕೊಕ್ಕೆ ಇರುವ ಸ್ಪ್ರಿಂಗ್ ತಕ್ಕಡಿ ಸಾಕು. ಬಕೆಟ್ ತೂಗಿ, ಟಾರ್ಪಾಲಿನ ಮೇಲೆ ಸುರಿದು, ಹಸಿ ಯಾವುದು ಒಣ ಯಾವುದು ಅಂತ ಬೇರೆ ಮಾಡಿ, ಮತ್ತೆ ತೂಗಿ. ವಾಸನೆ ಇರುತ್ತದೆ, ಸುಳ್ಳು ಹೇಳಲ್ಲ. ನಮಗೆ ಒಂದು ಮನೆಗೆ ಸರಾಸರಿ 600 ಗ್ರಾಂ ಹಸಿ ಕಸ ಬಂತು. ಸಂತೆಯ ಮರುದಿನ ಅದು ಹೆಚ್ಚುಕಡಿಮೆ ಎರಡು ಪಟ್ಟು.

ಉಳಿದ ಲೆಕ್ಕ ಎಲ್ಲ ಇದರಿಂದಲೇ ಹೊರಡುತ್ತದೆ. 300 ಮನೆಗೆ ದಿನಕ್ಕೆ 180 ಕಿಲೋ. ಅದಕ್ಕೆ 40 ಕಿಲೋ ಒಣ ಎಲೆ ಸೇರಿಸಿ ಮೂರು ವಾರ ಅರೆಕೊಳೆಸಿದರೆ ತೂಕ ಅರ್ಧಕ್ಕೆ ಇಳಿಯುತ್ತದೆ. ಹುಳಕ್ಕೆ ಹೋಗುವುದು ದಿನಕ್ಕೆ 110ರಿಂದ 120 ಕಿಲೋ. ಹುಳ ತನ್ನ ತೂಕದಷ್ಟೇ ತಿನ್ನುತ್ತದೆ ಅಂತ ಮಾರುವವರು ಹೇಳುತ್ತಾರೆ. ನೀವು ಅರ್ಧ ತೂಕ ಅಂತ ಇಟ್ಟುಕೊಳ್ಳಿ. ಅಂದರೆ 240 ಕಿಲೋ ಹುಳ ಬೇಕು. ಒಂದು ಚದರ ಮೀಟರಿಗೆ 5 ಕಿಲೋ ಹುಳ ಆರಾಮಾಗಿ ಇರುತ್ತವೆ. ಹಾಗಾಗಿ 48 ಚದರ ಮೀಟರ್ ಜಾಗ. 1.2 ಮೀಟರ್ ಅಗಲ, 10 ಮೀಟರ್ ಉದ್ದದ ತೊಟ್ಟಿ ನಾಲ್ಕು. ಗೊಬ್ಬರ ತೆಗೆಯುವಾಗ ಹುಳಕ್ಕೆ ಹೋಗಲು ಇನ್ನೊಂದು. ಒಟ್ಟು ಐದು.

240 ಕಿಲೋ ಹುಳ ಅಂದರೆ ಗಾಬರಿ ಆಗಬೇಡಿ, ಅಷ್ಟನ್ನೂ ಕೊಳ್ಳಬೇಕಿಲ್ಲ. ಚೆನ್ನಾಗಿ ನೋಡಿಕೊಂಡರೆ ಹುಳ ಎರಡು ಮೂರು ತಿಂಗಳಿಗೆ ಒಮ್ಮೆ ಎರಡರಷ್ಟಾಗುತ್ತವೆ. ನಾವು ಶುರು ಮಾಡಿದ್ದು 30 ಕಿಲೋದಲ್ಲಿ. ಮೂವತ್ತು ಅರವತ್ತಾಗಿ, ನೂರಿಪ್ಪತ್ತಾಗಿ, ಇನ್ನೂರ ನಲವತ್ತಾಗಲು ಒಂಬತ್ತು ತಿಂಗಳು ಬೇಕಾಯಿತು. ಅಲ್ಲಿಯವರೆಗೆ ಕಸವೂ ಅಷ್ಟೇ ತೆಗೆದುಕೊಳ್ಳಬೇಕು. 30 ಕಿಲೋ ಹುಳಕ್ಕೆ ಸುಮಾರು 40 ಮನೆ. ಮೊದಲ ದಿನವೇ ಇಡೀ ಊರಿನ ಕಸ ತಂದು ಸುರಿಯಿರಿ ಅಂತ ಯಾರಾದರೂ ಒತ್ತಾಯ ಮಾಡಿದರೆ ಒಪ್ಪಬೇಡಿ. ಉದ್ಘಾಟನೆಯ ಫೋಟೊ ಚೆನ್ನಾಗಿ ಬರುತ್ತದೆ, ಮೂರನೇ ವಾರಕ್ಕೆ ಹುಳ ಸಾಯುತ್ತವೆ.

ಗೇಟು

ಮನೆಗೆ ಎರಡು ಬುಟ್ಟಿ. ಹಸಿ ಕಸ ದಿನಾ, ಒಣ ಕಸ ವಾರಕ್ಕೊಮ್ಮೆ. ಹೀಗೆ ಒಯ್ಯುವ ಹೊತ್ತು ಬೇರೆ ಮಾಡಿದ್ದೇ ಅರ್ಧ ಕೆಲಸ ಮಾಡಿತು. ಎರಡನ್ನೂ ಒಂದೇ ಗಾಡಿಯಲ್ಲಿ ಒಂದೇ ಹೊತ್ತಿಗೆ ಒಯ್ದರೆ, "ನಾವು ಬೇರೆ ಮಾಡಿ ಕೊಟ್ಟರೂ ಅವರು ಅಲ್ಲಿ ಹೋಗಿ ಬೆರೆಸುತ್ತಾರೆ" ಅಂತ ಜನ ಅಂದುಕೊಳ್ಳುತ್ತಾರೆ. ಹಾಗೆ ಅಂದುಕೊಂಡರೆ ತಪ್ಪೂ ಅಲ್ಲ.

ಮೊದಲ ವಾರ ಗೇಟಿಗೆ ಬಂದ ಪ್ರತಿ 100 ಕಿಲೋ "ಹಸಿ" ಕಸದಲ್ಲಿ 22 ಕಿಲೋ ಬೇರೆಯದ್ದೇ ಇತ್ತು. ಶಾಂಪೂ ಪೊಟ್ಟಣ, ಬ್ಯಾಟರಿ, ಡೈಪರ್, ಒಡೆದ ಲೋಟ, ಮಾತ್ರೆಯ ಪಟ್ಟಿ, ಹಣ್ಣಿಗೆ ಅಂಟಿಸುವ ಆ ಚಿಕ್ಕ ಸ್ಟಿಕ್ಕರ್. ಸ್ಟಿಕ್ಕರ್ ಏನು ಮಹಾ ಅನ್ನಿಸುತ್ತದೆ ಅಲ್ವಾ? ಹುಳ ಎಲೆ ತಿನ್ನುತ್ತದೆ, ಕಾಗದ ತಿನ್ನುತ್ತದೆ, ಸ್ಟಿಕ್ಕರ್ ಮಾತ್ರ ಹಾಗೇ ಬಿಡುತ್ತದೆ. ಕೊನೆಗೆ ಜರಡಿಯಲ್ಲಿ ಕಪ್ಪು ಗೊಬ್ಬರದ ನಡುವೆ ಬಣ್ಣಬಣ್ಣವಾಗಿ ಕಾಣಿಸುತ್ತದೆ.

ಇನ್ನೊಂದು ವಸ್ತು ಲೆಕ್ಕವಿಲ್ಲದಷ್ಟು ಸಿಕ್ಕಿತು. ಸ್ಟೀಲ್ ಚಮಚ. ತಟ್ಟೆ ಝಾಡಿಸುವಾಗ ಸಿಪ್ಪೆಯ ಜೊತೆ ಬುಟ್ಟಿಗೆ ಬೀಳುತ್ತವೆ. ಅವನ್ನು ತೊಳೆದು ಗೇಟಿನ ಪಕ್ಕ ತಂತಿಗೆ ಸಾಲಾಗಿ ನೇತುಹಾಕಿದೆ. ತಮಾಷೆಗೆ ಮಾಡಿದ್ದು. ಎರಡೇ ವಾರದಲ್ಲಿ ಜನ ಚಮಚ ಹುಡುಕಿಕೊಂಡು ಬರತೊಡಗಿದರು. ಬಂದವರಿಗೆ ಕಸ ಆರಿಸುವ ಮೇಜಿನ ಹತ್ತಿರ ಒಬ್ಬ ಹೆಂಗಸು ಕೈಯಲ್ಲಿ ಡೈಪರ್ ಎತ್ತಿ ಬೇರೆ ಇಡುತ್ತಿರುವುದು ಕಾಣುತ್ತಿತ್ತು. ನಾವು ಹಂಚಿದ ಕರಪತ್ರ ಯಾರೂ ಓದಲಿಲ್ಲ. ಆದರೆ ಚಮಚ ತೆಗೆದುಕೊಂಡು ಹೋದ ಮನೆಯಿಂದ ಡೈಪರ್ ಮತ್ತೆ ಬರಲಿಲ್ಲ.

ಬೆರೆತ ಕಸ ಬಂದರೆ ಜಗಳ ಬೇಡ. ಬುಟ್ಟಿ ಅಲ್ಲೇ ಬಿಟ್ಟು, ಯಾವ ವಸ್ತು ಇತ್ತು ಅಂತ ಚೀಟಿ ಬರೆದು ಇಡಿ. ಮಾರನೆಯ ದಿನ ಅದೇ ಹೊತ್ತಿಗೆ ತಪ್ಪದೆ ಹೋಗಿ. ಗಾಡಿ ಹೊತ್ತಿಗೆ ಬರುತ್ತದೆ ಅನ್ನುವ ನಂಬಿಕೆ ಇಲ್ಲದಿದ್ದರೆ ಯಾರೂ ಮನೆಯಲ್ಲಿ ಹಸಿ ಕಸ ಬೇರೆ ಇಟ್ಟುಕೊಳ್ಳುವುದಿಲ್ಲ.

ಆರಿಸುವ ಮೇಜು ಸೊಂಟದ ಎತ್ತರಕ್ಕೆ ಇರಲಿ, ಮೇಲೆ ತಂತಿ ಜಾಲರಿ ಇರಲಿ. ನೀರು ಕೆಳಗಿಳಿದರೆ ಅರ್ಧ ವಾಸನೆ ಹೋಗುತ್ತದೆ. ದಪ್ಪ ಕೈಗವಸು, ಬೂಟು ಬೇಕೇ ಬೇಕು. ಕೆಲಸಕ್ಕೆ ಸೇರುವ ಮೊದಲೇ ಟೆಟನಸ್ ಇಂಜೆಕ್ಷನ್ ಹಾಕಿಸಿ. ಗಾಜು, ಬ್ಲೇಡು, ಸೂಜಿ ಬಂದೇ ಬರುತ್ತವೆ.

ಅರೆಕೊಳೆಸುವುದು

ಈ ಭಾಗ ಬಿಟ್ಟು ಮುಂದೆ ಹೋಗುವವರೇ ಜಾಸ್ತಿ. ನಾನೂ ಬಿಟ್ಟಿದ್ದೆ.

ಎರಡನೇ ತಿಂಗಳು ಒಂದು ಸಂತೆಯ ಮರುದಿನ ಎಲೆಕೋಸಿನ ಎಲೆ, ಹಸಿ ಸೊಪ್ಪು ರಾಶಿ ಬಂತು. ಹುಳಕ್ಕೆ ಹಬ್ಬ ಅಂದುಕೊಂಡು ನೇರವಾಗಿ ತೊಟ್ಟಿಗೆ ಒಂದಡಿ ದಪ್ಪ ಹಾಕಿಸಿದೆ. ಮಾರನೆಯ ಬೆಳಗ್ಗೆ ಆರು ಗಂಟೆಗೆ ನಮ್ಮ ಹುಡುಗ ಫೋನ್ ಮಾಡಿದ. "ಅಕ್ಕಾ, ಹುಳ ಎಲ್ಲಾ ಗೋಡೆ ಹತ್ತಿವೆ, ಬೇಗ ಬನ್ನಿ." ಹೋಗಿ ನೋಡಿದರೆ ತೊಟ್ಟಿಯ ನಾಲ್ಕು ಮೂಲೆಯಲ್ಲೂ ಹುಳ ಒಂದಕ್ಕೊಂದು ಸುತ್ತಿಕೊಂಡು ಹಗ್ಗದ ಉಂಡೆಯ ಹಾಗೆ ನೇತಾಡುತ್ತಿದ್ದವು. ನೆಲದ ಮೇಲೆ ಬಿದ್ದವು ಒಣಗಿ ಸೆಟೆದುಕೊಂಡಿದ್ದವು. ರಾಶಿಯ ನಡುವೆ ಥರ್ಮಾಮೀಟರ್ ಚುಚ್ಚಿದೆ. 46 ಡಿಗ್ರಿ. ಹುಳಕ್ಕೆ ಹಿತವಾಗುವುದು 15ರಿಂದ 25 ಡಿಗ್ರಿ, 35 ದಾಟಿದರೆ ಸಾವು. ಅವತ್ತು ಇಬ್ಬರೂ ಸೇರಿ ಬರಿಗೈಯಲ್ಲಿ ಹುಳ ಎತ್ತಿ ಒದ್ದೆ ಗೋಣಿಯ ಮೇಲೆ ಹಾಕಿದೆವು. ಸಂಜೆ ತೂಗಿದಾಗ ಒಂಬತ್ತು ಕಿಲೋ ಕಡಿಮೆ.

ಹಸಿ ಕಸ ದಪ್ಪಗೆ ರಾಶಿ ಬಿದ್ದರೆ ತಾನಾಗಿ ಬಿಸಿಯಾಗುತ್ತದೆ. ಕಣ್ಣಿಗೆ ಕಾಣದ ಜೀವಿಗಳು ಅದನ್ನು ತಿನ್ನುವಾಗ ಹೊರಡುವ ಬಿಸಿ ಅದು. ಆ ಬಿಸಿ ಹುಳದ ಮನೆಯಲ್ಲಿ ಆಗಬಾರದು, ಆದರೆ ಅದಕ್ಕೆ ಮೊದಲು ಆಗಲೇಬೇಕು. ರಾಶಿ 55 ಡಿಗ್ರಿಗೆ ಏರಿ ಮೂರು ದಿನ ಅಲ್ಲೇ ನಿಂತರೆ ರೋಗ ತರುವ ಜೀವಿಗಳು, ಕಳೆಯ ಬೀಜಗಳು ಬಹುಪಾಲು ಸಾಯುತ್ತವೆ. ಹುಳದ ತೊಟ್ಟಿ ತಣ್ಣಗಿರುವುದರಿಂದ ಈ ಕೆಲಸ ಅಲ್ಲಿ ಸರಿಯಾಗಿ ಆಗುವುದಿಲ್ಲ. ಒಂದು ಮನೆಯ ಕಸಕ್ಕೆ ಇದು ದೊಡ್ಡ ವಿಷಯ ಅಲ್ಲ. ಊರಿನ ಕಸಕ್ಕೆ ಹೌದು. ಯಾರ ಮನೆಯಿಂದ ಏನು ಬರುತ್ತದೆ ಅಂತ ನಿಮಗೆ ಗೊತ್ತಿರುವುದಿಲ್ಲ.

ಹೀಗೆ ಅರೆಕೊಳೆಸಲು ನಮ್ಮಲ್ಲಿ ಎಂಟು ಗೂಡುಗಳಿವೆ. ಪ್ರತಿಯೊಂದೂ 1.2 ಮೀಟರ್ ಉದ್ದ, ಅಷ್ಟೇ ಅಗಲ, ಅಷ್ಟೇ ಎತ್ತರ. ಮೂರು ಕಡೆ ಸಂದು ಬಿಟ್ಟ ಹಲಗೆ, ಮುಂದೆ ತೆರೆದಿದೆ. ಒಂದು ಘನ ಮೀಟರಿಗಿಂತ ಚಿಕ್ಕದಾದರೆ ಬಿಸಿ ನಿಲ್ಲುವುದಿಲ್ಲ. ಮೂರು ದಿನದ ಕಸ ಒಂದು ಗೂಡಿಗೆ. ಏಳು ತುಂಬುವಾಗ ಇಪ್ಪತ್ತೊಂದು ದಿನ, ಎಂಟನೆಯದು ಮಗುಚಲು ಖಾಲಿ. ಒಂದು ಪದರ ಹಸಿ ಕಸ, ಅದರ ಮೇಲೆ ಎರಡು ಪದರ ಒಣ ಎಲೆ. ಎಲೆ ಸಿಗದ ಕಾಲಕ್ಕೆ ಹರಿದ ರಟ್ಟು, ಮರದ ಹೊಟ್ಟು. ಬಣ್ಣ ಬಳಿದ ಮರದ ಹೊಟ್ಟು ಮಾತ್ರ ಬೇಡ. ಮೂರು ನಾಲ್ಕು ದಿನಕ್ಕೊಮ್ಮೆ ಹೊರಗಿನದು ಒಳಗೆ, ಒಳಗಿನದು ಹೊರಗೆ ಬರುವ ಹಾಗೆ ಮಗುಚಬೇಕು. ಇಲ್ಲದಿದ್ದರೆ ಅಂಚಿನ ಕಸಕ್ಕೆ ಬಿಸಿಯೇ ತಾಗುವುದಿಲ್ಲ.

ಕೊಳೆತ ಮೊಟ್ಟೆಯ ವಾಸನೆ ಬಂದರೆ ಗಾಳಿ ಸಾಲದು ಅಂತ. ಮಗುಚಿ, ಒಣ ಎಲೆ ಸೇರಿಸಿ. ಮೂಗಿಗೆ ಚುರ್ ಅನ್ನುವ ಅಮೋನಿಯಾ ವಾಸನೆ ಬಂದರೆ ಹಸಿ ಜಾಸ್ತಿಯಾಗಿದೆ. ಅದಕ್ಕೂ ಒಣ ಎಲೆಯೇ ಮದ್ದು. ಎಲೆ ಉದುರುವ ಕಾಲದಲ್ಲಿ ಚೀಲಚೀಲ ತುಂಬಿಟ್ಟುಕೊಳ್ಳಿ. ನಮ್ಮಲ್ಲಿ ಎಲೆಯ ಚೀಲಕ್ಕೆ ಇರುವಷ್ಟು ಕಾವಲು ಗೊಬ್ಬರದ ಚೀಲಕ್ಕೂ ಇಲ್ಲ.

ಮೂರು ವಾರದ ಮೇಲೆ ರಾಶಿ 30 ಡಿಗ್ರಿಗಿಂತ ಕೆಳಗಿಳಿದು, ಮಗುಚಿದರೂ ಮತ್ತೆ ಏರದಿದ್ದರೆ ತೊಟ್ಟಿಗೆ ಹಾಕುವ ಮುನ್ನ ಸಣ್ಣ ಪರೀಕ್ಷೆ ಮಾಡಿ. ಒಂದು ಡಬ್ಬಿಗೆ ಅದನ್ನು ಹಾಕಿ ಇಪ್ಪತ್ತು ಹುಳ ಬಿಡಿ. ಒಂದು ದಿನದಲ್ಲಿ ಒಳಗೆ ಇಳಿದು ಆರಾಮಾಗಿದ್ದರೆ ಸರಿ. ಮುಚ್ಚಳಕ್ಕೆ ಅಂಟಿಕೊಂಡಿದ್ದರೆ ಇನ್ನೊಂದು ವಾರ ಕಾಯಿರಿ.

ತೊಟ್ಟಿ, ಹುಳ, ಊಟ

ತೊಟ್ಟಿಯ ಅಗಲ 1.2 ಮೀಟರ್ ದಾಟಬಾರದು. ಎರಡೂ ಕಡೆಯಿಂದ ಕೈ ನಡುವಿನವರೆಗೆ ಸಿಗಬೇಕು. ಆಳ ಅರ್ಧ ಮೀಟರ್ ಸಾಕು, ಈ ಹುಳ ಮೇಲಿನ ಒಂದು ಗೇಣಿನಲ್ಲೇ ಬದುಕುತ್ತವೆ. ಮೇಲೆ ಮಾಡು ಬೇಕು, ಬಿಸಿಲೂ ಮಳೆಯೂ ನೇರ ಬೀಳಬಾರದು. ನೆಲ ಸ್ವಲ್ಪ ಇಳಿಜಾರಾಗಿರಲಿ, ತುದಿಯಲ್ಲಿ ನೀರು ಹೋಗಲು ತೂತು. ಸುತ್ತ ಒಂದು ಅಂಗೈ ಅಗಲದ ಕಾಲುವೆ ತೋಡಿ ನೀರು ನಿಲ್ಲಿಸಿದರೆ ಇರುವೆ ಬರುವುದಿಲ್ಲ. ಇಲಿ, ಹೆಗ್ಗಣಕ್ಕೆ ಸಣ್ಣ ಕಣ್ಣಿನ ತಂತಿ ಜಾಲರಿ, 6 ಮಿಲಿಮೀಟರ್ ಮೀರಬಾರದು.

ತೋಟದ ಮಣ್ಣು ಅಗೆದಾಗ ಸಿಗುವ ಹುಳ ತಂದು ಬಿಟ್ಟರೆ ಆಗುತ್ತಾ ಅಂತ ಎಲ್ಲರೂ ಕೇಳುತ್ತಾರೆ. ಆಗಲ್ಲ. ಅವು ಮಣ್ಣು ಕೊರೆದು ಬದುಕುವ ಜಾತಿ, ಬರಿ ಕಸದಲ್ಲಿ ನಿಲ್ಲುವುದಿಲ್ಲ. ನಮಗೆ ಬೇಕಾದದ್ದು ಮೇಲ್ಪದರದಲ್ಲಿ ಎಲೆ, ಸಗಣಿ ತಿಂದು ಬದುಕುವ ಜಾತಿ. ಕೆಂಪು ಹುಳ ಅಂತ ಕರೆಯುವ ಐಸೀನಿಯಾ ಫೆಟಿಡಾ ತಂಪನ್ನೂ ಸೆಕೆಯನ್ನೂ ಸ್ವಲ್ಪ ತಡೆದುಕೊಳ್ಳುತ್ತದೆ. ಹೊಸಬರಿಗೆ ಇದೇ ಸರಿ. ಆಫ್ರಿಕಾದ ಯೂಡ್ರಿಲಸ್ ಯೂಜೀನಿಯೆ ದೊಡ್ಡದು, ಬೇಗ ತಿನ್ನುತ್ತದೆ, ಚಳಿಗೆ ಮಾತ್ರ ಆಗುವುದಿಲ್ಲ. ಪೆರಿಯೋನಿಕ್ಸ್ ಎಕ್ಸ್‌ಕವೇಟಸ್ ಅನ್ನುವುದು ಮೂರನೆಯದು, ಗುಡುಗು ಮಳೆಯ ರಾತ್ರಿ ಹಿಂಡುಹಿಂಡಾಗಿ ಓಡಿಹೋಗುವ ಪುಂಡ. ಯಾವುದನ್ನೇ ಸಾಕಿ, ಕಾಡಿಗೆ ಬಿಡಬೇಡಿ. ಉತ್ತರ ಅಮೆರಿಕದ ಕೆಲವು ಕಾಡುಗಳಲ್ಲಿ ಹೊರಗಿನಿಂದ ಬಂದ ಎರೆಹುಳ ನೆಲದ ತರಗೆಲೆಯನ್ನೇ ತಿಂದು ಮುಗಿಸಿ, ಅದನ್ನು ನಂಬಿದ ಗಿಡಗಳಿಗೆ ಕುತ್ತು ತಂದಿವೆ.

ತೊಟ್ಟಿಯ ತಳದಲ್ಲಿ ಒಂದು ಗೇಣು ಹರಿದ ರಟ್ಟು, ಹಳೆಯ ಎಲೆ, ಚೆನ್ನಾಗಿ ಹಳತಾದ ಸಗಣಿ. ಸಗಣಿ ತರುವಾಗ ಒಂದು ಪ್ರಶ್ನೆ ಕೇಳಲೇಬೇಕು: ದನಕ್ಕೆ ಈಚೆಗೆ ಜಂತುಹುಳದ ಔಷಧ ಹಾಕಿದ್ದಾರಾ? ಜಂತುಹುಳ ಕೊಲ್ಲುವ ಔಷಧ ಸಗಣಿಯಲ್ಲೂ ಬರುತ್ತದೆ, ಎರೆಹುಳಕ್ಕೂ ಒಳ್ಳೆಯದಲ್ಲ. ಎರಡು ಹಿಡಿ ಮರಳನ್ನೂ ಸೇರಿಸಿ. ಹುಳಕ್ಕೆ ಹಲ್ಲಿಲ್ಲ, ಹೊಟ್ಟೆಯೊಳಗೆ ಮರಳಿನ ಕಣದಿಂದ ಅರೆದುಕೊಳ್ಳುತ್ತದೆ. ಹುಳ ಬಿಟ್ಟ ಮೊದಲ ಎರಡು ರಾತ್ರಿ ಮೇಲೆ ಒಂದು ಬಲ್ಬ್ ಉರಿಯಲಿ. ಕಣ್ಣಿಲ್ಲದಿದ್ದರೂ ಬೆಳಕು ಅವಕ್ಕೆ ಚರ್ಮದಲ್ಲೇ ಗೊತ್ತಾಗುತ್ತದೆ. ಬೆಳಕಿದ್ದರೆ ಮೇಲೆ ಬರುವುದಿಲ್ಲ.

ತೇವದ ಹದ ಕೈಗೆ ಗೊತ್ತಾಗಬೇಕು. ಒಂದು ಹಿಡಿ ತೆಗೆದು ಗಟ್ಟಿಯಾಗಿ ಹಿಂಡಿ. ಬೆರಳ ಸಂದಿಯಲ್ಲಿ ಒಂದೆರಡು ಹನಿ ಮೂಡಿದರೆ ಹದ ಸರಿ. ಧಾರೆ ಸುರಿದರೆ ಜಾಸ್ತಿ, ಹನಿಯೇ ಬರದಿದ್ದರೆ ಕಡಿಮೆ. ಹುಳ ಉಸಿರಾಡುವುದು ಒದ್ದೆ ಚರ್ಮದಿಂದ. ಒಣಗಿದರೂ ಸಾಯುತ್ತದೆ, ನೀರು ತುಂಬಿ ಗಾಳಿ ಇಲ್ಲದಿದ್ದರೂ ಸಾಯುತ್ತದೆ. ಮೇಲೆ ಒದ್ದೆ ಗೋಣಿ ಹೊದಿಸಿ.

ಊಟ ಎರಡು ಮೂರು ದಿನಕ್ಕೊಮ್ಮೆ, ಎರಡು ಬೆರಳು ದಪ್ಪ ಮಾತ್ರ. ಹಿಂದಿನದು ಮುಗಿಯದೆ ಹೊಸದು ಹಾಕಬೇಡಿ. ಮಾಂಸ, ಎಣ್ಣೆ, ಹಾಲಿನ ಪದಾರ್ಥ, ಉಪ್ಪು ಹಾಕಿದ ಅಡುಗೆ ಇವು ಹುಳಕ್ಕೆ ಬೇಡ. ನಾವು ಉಳಿದ ಅಡುಗೆಯನ್ನು ಗೂಡಿನ ನಡುವಿಗೆ, ಅದೂ ಸ್ವಲ್ಪ ಸ್ವಲ್ಪವೇ ಹಾಕುತ್ತೇವೆ. ನಿಂಬೆ, ಕಿತ್ತಳೆ ಸಿಪ್ಪೆ ಒಂದಿಷ್ಟಿದ್ದರೆ ಪರವಾಗಿಲ್ಲ, ಜ್ಯೂಸ್ ಅಂಗಡಿಯ ಮೂಟೆ ಬೇಡ. ತೊಟ್ಟಿ ಹುಳಿಯಾದರೆ ಬಿಳಿ ದಾರದಂಥ ಚಿಕ್ಕ ಹುಳಗಳು ಗುಂಪು ಕಟ್ಟುತ್ತವೆ. ಅವು ಎರೆಹುಳದ ಮರಿ ಅಂತ ನಾನು ಒಂದು ವಾರ ಖುಷಿಪಟ್ಟಿದ್ದೆ! ಎರೆಹುಳದ ಮರಿಯಲ್ಲಿ ನಸುಗೆಂಪು ಗೆರೆ ಕಾಣುತ್ತದೆ, ಅವು ಬರಿ ಬಿಳಿ. ಹುಳಿ ಇಳಿಸಲು ಮೊಟ್ಟೆ ಚಿಪ್ಪಿನ ಪುಡಿ ಅಥವಾ ಸುಣ್ಣಕಲ್ಲಿನ ಪುಡಿ ಉದುರಿಸಿ. ಗೋಡೆಗೆ ಬಳಿಯುವ ಸುಣ್ಣ ಹಾಕಿದಿರೋ, ಹುಳ ಸುಟ್ಟುಹೋಗುತ್ತವೆ.

ಗೊಬ್ಬರ ತೆಗೆಯುವುದು

ಎರಡೂವರೆ ಮೂರು ತಿಂಗಳಿಗೆ ತೊಟ್ಟಿ ಕಪ್ಪಾಗಿ, ಟೀಪುಡಿಯ ಹಾಗೆ ಉದುರುದುರಾಗುತ್ತದೆ. ಮೊದಲ ಮಳೆಯ ಮಣ್ಣಿನ ವಾಸನೆ. ಹೊಸ ಊಟವನ್ನು ಪಕ್ಕದ ಖಾಲಿ ತೊಟ್ಟಿಗೆ ಮಾತ್ರ ಹಾಕಿ. ನಮ್ಮ ತೊಟ್ಟಿಗಳ ನಡುಗೋಡೆಯಲ್ಲಿ ತೂತುಗಳಿವೆ. ಎರಡು ಮೂರು ವಾರದಲ್ಲಿ ಹುಳ ತಾವಾಗಿ ಆ ಕಡೆ ಹೋಗುತ್ತವೆ. ತೆಗೆಯುವ ಮೂರು ದಿನ ಮೊದಲು ನೀರು ನಿಲ್ಲಿಸಿ. ಉಳಿದವಕ್ಕೆ ಬಯಲಲ್ಲಿ ಗೊಬ್ಬರವನ್ನು ಗೋಪುರದ ಹಾಗೆ ರಾಶಿ ಹಾಕಿ ಅರ್ಧ ಗಂಟೆ ಬಿಡಿ. ಬೆಳಕಿಗೆ ಹೆದರಿ ಹುಳ ಬುಡಕ್ಕೆ ಇಳಿಯುತ್ತವೆ. ಮೇಲಿನಿಂದ ಕೆರೆದು ತೆಗೆಯುತ್ತಾ ಬನ್ನಿ. ಆಮೇಲೆ 4 ಮಿಲಿಮೀಟರ್ ಜರಡಿ.

ಜರಡಿ ಹಿಡಿದ ಗೊಬ್ಬರದಲ್ಲಿ ನಿಂಬೆಹಣ್ಣಿನ ಆಕಾರದ, ಸಾಸಿವೆಗಿಂತ ಸ್ವಲ್ಪ ದೊಡ್ಡ ಹಳದಿ ಕಾಳುಗಳು ಸಿಗುತ್ತವೆ. ಅವು ಹುಳದ ತತ್ತಿ. ಒಂದೊಂದರಲ್ಲಿ ಎರಡು ಮೂರು ಮರಿ, ಸುಮಾರು ಮೂರು ವಾರಕ್ಕೆ ಹೊರಬರುತ್ತವೆ. ಹಾಗಾಗಿ ಗೊಬ್ಬರವನ್ನು ನೆರಳಲ್ಲಿ ಮೂರು ವಾರ ಇಟ್ಟು, ಮೇಲೆ ಕಲ್ಲಂಗಡಿ ಸಿಪ್ಪೆ ಬೋರಲು ಹಾಕಿ. ಮರಿಗಳು ಅದರಡಿಗೆ ಸೇರುತ್ತವೆ. ಸಿಪ್ಪೆ ಎತ್ತಿ ತೊಟ್ಟಿಗೆ ಝಾಡಿಸಿದರೆ ಆಯಿತು.

180 ಕಿಲೋ ಕಸಕ್ಕೆ ನಮಗೆ ಸುಮಾರು 60 ಕಿಲೋ ಗೊಬ್ಬರ ಸಿಗುತ್ತದೆ. ಇದನ್ನು ಮಾರಿ ಶೆಡ್ ನಡೆಸುತ್ತೇವೆ ಅಂತ ಯಾರಿಗೂ ಮಾತು ಕೊಡಬೇಡಿ. ಮೂವರ ಸಂಬಳಕ್ಕೆ ಅದು ಸಾಲುವುದಿಲ್ಲ. ಉಳಿತಾಯ ಇರುವುದು ಹೋಗದ ಲಾರಿಯಲ್ಲಿ, ತುಂಬದ ಕಸದ ಗುಡ್ಡದಲ್ಲಿ. ಗಾಳಿಯಿಲ್ಲದೆ ಗುಡ್ಡದೊಳಗೆ ಕೊಳೆಯುವ ಹಸಿ ಕಸದಿಂದ ಮೀಥೇನ್ ಬರುತ್ತದೆ. ನೂರು ವರ್ಷದ ಲೆಕ್ಕದಲ್ಲಿ ಅದು ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 28 ಪಟ್ಟು ಬಿಸಿ ಹಿಡಿಯುತ್ತದೆ. ಊರಿನ ಆಡಳಿತದ ಮುಂದೆ ಕೂತಾಗ ಸಾಗಾಟದ ಲೆಕ್ಕ ಇಡಿ, ಗೊಬ್ಬರದ ಲಾಭದ ಕನಸು ಇಡಬೇಡಿ. ತೊಟ್ಟಿಯ ತಳದಲ್ಲಿ ಸೋರುವ ಕಪ್ಪು ನೀರನ್ನು ಬಾಟಲಿಗೆ ತುಂಬಿ ಮಾರುವ ಆಸೆಯೂ ಬೇಡ. ಅದು ಅರೆಕೊಳೆತ ಕಸದ ನೀರು, ನಾವು ಅದನ್ನು ವಾಪಸ್ ಬಿಸಿ ಗೂಡಿಗೇ ಸುರಿಯುತ್ತೇವೆ. ಕಾರ್ಖಾನೆಯ ಕಸ ಬೆರೆಯುವ ಊರಾದರೆ ಗೊಬ್ಬರ ಹಂಚುವ ಮುನ್ನ ಸೀಸ, ಕ್ಯಾಡ್ಮಿಯಂ ಪರೀಕ್ಷೆ ಮಾಡಿಸಲೇಬೇಕು. ಹುಳ ಲೋಹವನ್ನು ಮಾಯ ಮಾಡುವುದಿಲ್ಲ.

ಗೇಟಿನ ಒಳಗೆ ಒಂದು ಉದ್ದ ನೋಟುಪುಸ್ತಕ ಇದೆ. ವೇಬ್ರಿಡ್ಜ್‌ನ ಅಭ್ಯಾಸ ಬಿಡಲಿಲ್ಲ. ದಿನಕ್ಕೊಂದು ಸಾಲು: ಬಂದ ಕಸ, ಆರಿಸಿ ತೆಗೆದದ್ದು, ಪ್ರತಿ ಗೂಡಿನ ಬಿಸಿ, ಜರಡಿಯಿಂದ ಇಳಿದ ಗೊಬ್ಬರ. ಕೊನೆಯ ಕಾಲಮ್ಮನ್ನು ನಮ್ಮ ಹುಡುಗನೇ ಸೇರಿಸಿದ್ದು. ನಿನ್ನೆಯ ಸಾಲು ಹೀಗಿದೆ: ಬಂದದ್ದು 191 ಕಿಲೋ, ತೆಗೆದದ್ದು 4, ಮೂರನೇ ಗೂಡು 58 ಡಿಗ್ರಿ, ಗೊಬ್ಬರ 63, ಚಮಚ 1.